ಬಲಯಾಜ್ ಬಣ್ಣ ಮಾಸಿದಾಗ: ನೀಲಿ ಶಾಂಪೂನಾ, ನೇರಳೆಯಾ, ಎಣ್ಣೆಯಾ, ಮತ್ತೆ ಸಲೂನಾ?

ಕೂದಲಿಗೆ ಬಲಯಾಜ್ ಬಣ್ಣ ಹಾಕಿಸಿಕೊಂಡ ಮೇಲೆ ಮೊದಲ ಐದು ವಾರ ಕನ್ನಡಿ ನೋಡುವುದೇ ಖುಷಿ. ಆರನೇ ವಾರದ ಒಂದು ಬೆಳಗ್ಗೆ ಮುಂಬೈಯ ಮುಲುಂಡಿನ ನಮ್ಮ ಮನೆಯ ಕಿಟಕಿ ಹತ್ತಿರ ನಿಂತು ತಲೆ ಬಾಚುತ್ತಿದ್ದೆ. ಜಡೆಯ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಸಲೂನ್‌ನಿಂದ ಬಂದ ದಿನ ಬೆಲ್ಲದ ಪಾಕದ ಬಣ್ಣವಿತ್ತು. ಈಗ ಕಿತ್ತಳೆ ಸಿಪ್ಪೆಯ ಕಡೆಗೆ ತಿರುಗಿತ್ತು. ಬುಡದಲ್ಲಿ ಮಾತ್ರ ಏನೂ ಕೆಟ್ಟಿರಲಿಲ್ಲ. ಕಪ್ಪು ಕೂದಲು ಮೆಲ್ಲಗೆ ಕಂದು ಬಣ್ಣಕ್ಕೆ ಇಳಿಯುವ ಜಾಗ ಮೊದಲಿನಷ್ಟೇ ಚೆನ್ನಾಗಿತ್ತು.

ಕೈಯಿಂದ ಬಳಿಯುವ ಬಣ್ಣದ ಗುಣವೇ ಇದು. ಫ್ರೆಂಚ್ ಭಾಷೆಯ ‘ಗುಡಿಸು’ ಎಂಬ ಪದದಿಂದ ಬಲಯಾಜ್ ಹೆಸರು ಬಂದಿದೆ. ಪೊರಕೆ ಆಡಿಸಿದ ಹಾಗೆ ಬ್ರಶ್ಶನ್ನು ಕೂದಲಿನ ಮೇಲೆ ಎಳೆಯುತ್ತಾರೆ. ಬುಡದ ಹತ್ತಿರ ತೆಳು, ತುದಿಗೆ ಬಂದಂತೆ ದಟ್ಟ. ಹಾಗಾಗಿ ಬುಡದಲ್ಲಿ ಗೆರೆ ಹೊಡೆದ ಹಾಗೆ ಕಾಣುವುದಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕು ತಿಂಗಳಲ್ಲಿ ಎರಡು ಬೆರಳಗಲ ಹೊಸ ಕೂದಲು ಬಂದರೂ ಯಾರಿಗೂ ಗೊತ್ತಾಗುವುದಿಲ್ಲ. ಕೆಡುವುದು ತುದಿಯ ಛಾಯೆ. ಆದ್ದರಿಂದ ನಡುವಿನ ತಿಂಗಳುಗಳಲ್ಲಿ ದುಡ್ಡು, ಸಮಯ, ಚಿಂತೆ ಎಲ್ಲ ತುದಿಯ ಕಡೆಗೆ ಹೋಗಬೇಕು. ಎಷ್ಟೋ ಜನ ಬುಡ ನೋಡಿ ಗಾಬರಿಯಾಗಿ ಸಲೂನ್‌ಗೆ ಓಡುತ್ತಾರೆ, ತುದಿಗೆ ಸಿಕ್ಕಿದ ಶಾಂಪೂ ಹಾಕುತ್ತಾರೆ. ನೋಡಿದರೆ ಬೇಜಾರಾಗುತ್ತದೆ.

ಯಾವ ಬಾಟಲಿ ಕೊಳ್ಳಬೇಕು ಎನ್ನುವ ಮೊದಲು ಎರಡು ಪ್ರಶ್ನೆಗೆ ಉತ್ತರ ಗೊತ್ತಿರಲಿ. ನಿಮಗೆ ಬೇಕಾದ ಬಣ್ಣ ಯಾವುದು? ನಿಮ್ಮ ಬಚ್ಚಲಿಗೆ ಬರುವ ನೀರು ಯಾವುದು?

ನೀಲಿ, ನೇರಳೆ, ಅಥವಾ ಎರಡೂ ಬೇಡ

ನಮ್ಮ ಕೂದಲು ಕಪ್ಪು. ಬಲಯಾಜ್‌ಗಾಗಿ ಬ್ಲೀಚ್ ಹಾಕಿ ತಿಳಿ ಮಾಡಿದಾಗ ಅದು ನೇರವಾಗಿ ಹೊಂಬಣ್ಣಕ್ಕೆ ಹೋಗುವುದಿಲ್ಲ. ಮೊದಲು ಕೆಂಪು ಕಾಣುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಕ್ಯಾರಮೆಲ್, ಹನಿ ಬ್ರೌನ್ ಎಂದು ಕರೆಯುವ ಬಣ್ಣಗಳಿಗೆ ಸಾಮಾನ್ಯವಾಗಿ ಕಿತ್ತಳೆಯ ಹಂತದ ಆಸುಪಾಸಿನಲ್ಲೇ ಬ್ಲೀಚ್ ತೊಳೆದು, ಮೇಲೆ ಟೋನರ್ ಹಾಕುತ್ತಾರೆ. ಟೋನರ್ ಬಣ್ಣದ ಒಂದು ತೆಳುವಾದ ಹೊದಿಕೆ ಇದ್ದ ಹಾಗೆ. ತಲೆ ಸ್ನಾನ ಮಾಡಿದ ಹಾಗೆಲ್ಲ ಸ್ವಲ್ಪ ಸ್ವಲ್ಪ ಹೋಗುತ್ತದೆ. ನಾಲ್ಕರಿಂದ ಎಂಟು ವಾರದೊಳಗೆ ಅದು ತೆಳುವಾಗಿ, ಕೆಳಗಿದ್ದ ಕಿತ್ತಳೆ ಮೇಲೆ ಬರುತ್ತದೆ.

ಊರಲ್ಲಿ ಅಮ್ಮ ಬಿಳಿ ಪಂಚೆ ಒಗೆದ ಮೇಲೆ ಬಕೆಟಿಗೆ ನಾಲ್ಕು ಹನಿ ನೀಲಿ ಹಾಕುತ್ತಿದ್ದರಲ್ಲ, ನೀಲಿ ಮತ್ತು ನೇರಳೆ ಶಾಂಪೂ ಮಾಡುವುದೂ ಅದೇ ಕೆಲಸ. ಪಂಚೆಯ ಹಳದಿ ತೊಳೆದು ಹೋಗುವುದಿಲ್ಲ, ನೀಲಿ ಅದನ್ನು ಕಣ್ಣಿಗೆ ಮರೆಸುತ್ತದೆ. ಕೂದಲಲ್ಲಿ ಕಿತ್ತಳೆಯನ್ನು ಮರೆಸುವುದು ನೀಲಿ, ಹಳದಿಯನ್ನು ಮರೆಸುವುದು ನೇರಳೆ. ಲೆಕ್ಕ ಇಷ್ಟೇ. ಬಟ್ಟೆಗೆ ಹಾಕುವ ನೀಲಿಯನ್ನೇ ತಲೆಗೆ ಹಾಕಬೇಡಿ. ಹಾಗೆ ಕೇಳಿದವರು ಇದ್ದಾರೆ, ಅದಕ್ಕೆ ಹೇಳಿದೆ.

ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ನೇರಳೆ ಶಾಂಪೂ. ಬಣ್ಣ ಮಾಸಿತು ಎಂದರೆ ಗೆಳತಿಯರು ಹೇಳುವುದೂ ಅದನ್ನೇ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾದದ್ದು ನೀಲಿ. ನಾನೂ ಮೊದಲು ನೇರಳೆ ತಂದು ಒಂದು ತಿಂಗಳು ಹಾಕಿದೆ. ತುದಿಯಲ್ಲಿ ತೀರಾ ತಿಳಿಯಾಗಿದ್ದ ನಾಲ್ಕೈದು ಎಳೆ ಬೂದಿ ಬಣ್ಣಕ್ಕೆ ಹೋಯಿತು. ಉಳಿದ ಕಿತ್ತಳೆ ಅಲ್ಲಾಡಲಿಲ್ಲ. ನೀಲಿಗೆ ಬದಲಾಯಿಸಿದ ಮೇಲೆ ಎರಡನೇ ಸ್ನಾನಕ್ಕೇ ವ್ಯತ್ಯಾಸ ಕಂಡಿತು. ನಿಮ್ಮ ತುದಿ ಬಾಳೆಹಣ್ಣಿನ ಸಿಪ್ಪೆಯ ಒಳಭಾಗದಷ್ಟು ತಿಳಿಯಾಗಿದ್ದರೆ ಮಾತ್ರ ನೇರಳೆ ತೆಗೆದುಕೊಳ್ಳಿ. ಬೆಲ್ಲ, ಜೇನು, ಕಾಫಿ ಡಿಕಾಕ್ಷನ್ನಿಗೆ ಹಾಲು ಹಾಕಿದ ಬಣ್ಣ ಇದ್ದರೆ ನೀಲಿ.

ಇದಕ್ಕೊಂದು ದೊಡ್ಡ ‘ಆದರೆ’ ಇದೆ. ನೀವು ಕೇಳಿ ಮಾಡಿಸಿದ್ದೇ ತಾಮ್ರದ ಬಣ್ಣವೋ, ಬೆಚ್ಚಗಿನ ಕ್ಯಾರಮೆಲ್ಲೋ ಆಗಿದ್ದರೆ ನೀಲಿಯೂ ಬೇಡ, ನೇರಳೆಯೂ ಬೇಡ. ದುಡ್ಡು ಕೊಟ್ಟು ತಂದ ಬೆಚ್ಚಗಿನ ಛಾಯೆಯನ್ನು ಅವು ಸಪ್ಪೆ ಮಾಡುತ್ತವೆ. ಅಂಥವರಿಗೆ ಬಣ್ಣ ತುಂಬುವ ಮಾಸ್ಕ್ ಒಳ್ಳೆಯದು. ಕಾಪರ್, ಕ್ಯಾರಮೆಲ್, ಚಾಕೊಲೇಟ್ ಹೀಗೆ ಬೇರೆ ಬೇರೆ ಬಣ್ಣದಲ್ಲಿ ಸಿಗುತ್ತವೆ. ಕಂಡೀಷನರ್ ಹಾಕಿದ ಹಾಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದರೆ ಆಯಿತು. ಶಾಂಪೂಗಿಂತ ಮಾಸ್ಕ್ ನನಗೆ ಹೆಚ್ಚು ಇಷ್ಟ. ಅದು ಕೂದಲನ್ನು ಒಣಗಿಸುವುದಿಲ್ಲ.

ನೀಲಿ ಶಾಂಪೂ ಹಾಕುವ ರೀತಿ ಸರಿಯಾಗಿರಲಿ. ವಾರಕ್ಕೆ ಒಂದೇ ಸಲ ಸಾಕು. ಮೊದಲು ಮಾಮೂಲಿ ಶಾಂಪೂನಿಂದ ಎಣ್ಣೆ, ಬೆವರು ಹೋಗಲಿ. ಎಣ್ಣೆ ಜಿಡ್ಡು ಉಳಿದಿದ್ದರೆ ನೀಲಿ ಕೆಲವು ಕಡೆ ಹಿಡಿಯುತ್ತದೆ, ಕೆಲವು ಕಡೆ ಹಿಡಿಯುವುದಿಲ್ಲ. ನೀರು ಚೆನ್ನಾಗಿ ಹಿಂಡಿ, ಬಣ್ಣ ಇರುವ ಜಾಗಕ್ಕೆ ಮಾತ್ರ ಹಚ್ಚಿ. ಎರಡು ಮೂರು ನಿಮಿಷಕ್ಕೆ ತೊಳೆದುಬಿಡಿ. ಬಾಟಲಿಯಲ್ಲಿ ಹತ್ತು ನಿಮಿಷ ಎಂದು ಬರೆದಿದ್ದರೂ ಮೊದಲ ಸಲ ಅಷ್ಟು ಹೊತ್ತು ಬಿಡಬೇಡಿ. ಬ್ಲೀಚ್ ಆದ ಕೂದಲು ಸ್ಪಂಜಿನ ಹಾಗೆ ಹೀರುತ್ತದೆ. ಬಿಳಿ ಟವೆಲ್ಲಿನಿಂದ ಒರೆಸಬೇಡಿ, ಬಚ್ಚಲ ಟೈಲ್ಸಿಗೆ ಬಿದ್ದದ್ದನ್ನು ಕೂಡಲೇ ತೊಳೆಯಿರಿ.

ನೀರಿನ ವಿಷಯ

ಇದರ ಬಗ್ಗೆ ಸಲೂನ್‌ನಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನಗೆ ಅರ್ಥವಾದದ್ದು ತಂಗಿಯಿಂದ. ಅವಳು ಪುಣೆಯ ವಾಘೋಲಿಯಲ್ಲಿದ್ದಾಳೆ. ರಜೆಗೆ ಬಂದಾಗ ಇಬ್ಬರೂ ಒಂದೇ ದಿನ, ಒಂದೇ ಹುಡುಗಿಯ ಕೈಯಲ್ಲಿ ಬಣ್ಣ ಹಾಕಿಸಿಕೊಂಡೆವು. ಒಂದೇ ಕಂಪನಿಯ ಶಾಂಪೂ ಕೊಂಡೆವು. ನಾಲ್ಕನೇ ವಾರ ಅವಳು ವಿಡಿಯೋ ಕಾಲ್ ಮಾಡಿ, “ಅಕ್ಕಾ, ನನ್ನದು ತುಕ್ಕು ಹಿಡಿದ ಹಾಗೆ ಆಗಿದೆ, ನಿನ್ನದು ತೋರಿಸು” ಅಂದಳು. ನನ್ನದು ಹಾಗೇ ಇತ್ತು. ಮುಂದಿನ ತಿಂಗಳು ಅವಳ ಮನೆಗೆ ಹೋದಾಗ ಬಚ್ಚಲಲ್ಲಿ ಬಕೆಟ್ ನೋಡಿದೆ. ಒಳಗಡೆ ಸುತ್ತಲೂ ಬಿಳಿ ಬಳೆಯಂಥ ಗುರುತು. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಪುಡಿ ಬಂತು. ನಲ್ಲಿಯ ಬಾಯಿಗೂ ಅದೇ ಕಟ್ಟಿತ್ತು. ಅವರ ಕಟ್ಟಡಕ್ಕೆ ಬರುವುದು ಟ್ಯಾಂಕರ್ ನೀರು ಮತ್ತು ಬೋರ್‌ವೆಲ್ ನೀರು.

ಮುಂಬೈ ಮುನ್ಸಿಪಾಲ್ಟಿ ನೀರು ಕೆರೆ ಮತ್ತು ಅಣೆಕಟ್ಟುಗಳದ್ದು. ತುಲ್ಸಿ, ವಿಹಾರ್, ತಾನ್ಸಾ, ಮೋಡಕ್ ಸಾಗರ್, ಭಾತ್ಸಾ, ಅಪ್ಪರ್ ವೈತರಣಾ, ಮಿಡ್ಲ್ ವೈತರಣಾ ಎಂದು ಒಟ್ಟು ಏಳು. ಮಳೆ ನೀರು ನಿಂತು ಬರುವುದರಿಂದ ಅದು ಮೆದು ನೀರು. ಸೋಪು ಹಾಕಿದರೆ ತಕ್ಷಣ ನೊರೆ ಬರುತ್ತದೆ. ನೆಲದೊಳಗಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ, ಕೆಲವು ಕಡೆ ಕಬ್ಬಿಣವೂ ಇರುತ್ತದೆ. ಅವು ಬ್ಲೀಚ್ ಆದ ಕೂದಲಿಗೆ ಅಂಟಿಕೊಳ್ಳುತ್ತವೆ. ಹೊಳಪು ಹೋಗುತ್ತದೆ, ಬಣ್ಣ ಮಬ್ಬಾಗುತ್ತದೆ, ಕೂದಲು ಒರಟಾಗುತ್ತದೆ. ಮುಂಬೈಯಲ್ಲೇ ಇದ್ದರೂ ಮೇ ತಿಂಗಳಲ್ಲಿ ನಿಮ್ಮ ಸೊಸೈಟಿಗೆ ಟ್ಯಾಂಕರ್ ಬರುತ್ತಿದ್ದರೆ ನಿಮಗೂ ಇದೇ ಕತೆ.

ಪರಿಹಾರಕ್ಕೆ ಮೂರು ದಾರಿ ಹೇಳುತ್ತಾರೆ. ಷವರಿಗೆ ಹಾಕುವ ಸಣ್ಣ ಫಿಲ್ಟರ್ ಮೊದಲನೆಯದು. ಅದು ಕ್ಲೋರಿನ್ ಒಂದಿಷ್ಟು ಕಡಿಮೆ ಮಾಡಬಹುದು, ಆದರೆ ಗಡಸು ನೀರನ್ನು ಮೆದು ಮಾಡುವುದಿಲ್ಲ. ಮೆದು ಮಾಡಲು ಉಪ್ಪು ಹಾಕಿ ನಡೆಸುವ ದೊಡ್ಡ ಸಾಫ್ಟ್‌ನರ್ ಬೇಕು. ಬಾಡಿಗೆ ಮನೆಯವರಿಗೆ ಅದು ಆಗುವ ಮಾತಲ್ಲ. ಹಾಗಾಗಿ ಷವರ್ ಫಿಲ್ಟರಿಗೆ ದುಡ್ಡು ಹಾಕಬೇಡಿ ಎಂದೇ ನಾನು ಹೇಳುವುದು. ಎರಡನೆಯದು ಚೀಲೇಟಿಂಗ್ ಶಾಂಪೂ, ಅಂದರೆ ಕೂದಲಿಗೆ ಅಂಟಿದ ಖನಿಜವನ್ನು ಹಿಡಿದು ತೆಗೆಯುವ ಶಾಂಪೂ. ಇದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಖನಿಜದ ಜೊತೆ ಟೋನರ್ ಕೂಡ ಸ್ವಲ್ಪ ಹೋಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಮಾತ್ರ, ಅದೂ ಬಣ್ಣದ ಮಾಸ್ಕ್ ಹಾಕುವ ದಿನವೇ. ಮೊದಲು ಚೀಲೇಟಿಂಗ್, ಆಮೇಲೆ ಮಾಸ್ಕ್. ಈ ಕ್ರಮ ತಪ್ಪಬೇಡಿ. ಸುಣ್ಣದ ಪದರದ ಮೇಲೆ ಬಣ್ಣ ಸಮನಾಗಿ ಕೂರುವುದಿಲ್ಲ. ಮೂರನೆಯದು ತಂಗಿ ಈಗ ಮಾಡುವುದು: ಸ್ನಾನದ ಕೊನೆಗೆ ಎರಡು ಚೊಂಬು ಕುಡಿಯುವ ಆರ್‌ಓ ನೀರು ತುದಿಗೆ ಸುರಿಯುತ್ತಾಳೆ. ಖರ್ಚೇ ಇಲ್ಲ. ಚೀಲೇಟಿಂಗ್ ಶಾಂಪೂ ಮತ್ತು ಈ ಎರಡು ಚೊಂಬು ಸೇರಿ ಅವಳ ಬಣ್ಣ ಈಗ ಆರು ವಾರ ನಿಲ್ಲುತ್ತಿದೆ.

ನೀರು ಮೆದುವಾಗಿದ್ದರೂ ಬಣ್ಣ ಹೋಗುತ್ತದೆ. ಒದ್ದೆಯಾದಾಗ ಕೂದಲು ಉಬ್ಬುತ್ತದೆ, ಬಣ್ಣ ಜಾರುತ್ತದೆ. ಸಲ್ಫೇಟ್ ಇಲ್ಲದ ಶಾಂಪೂ ಕೊಂಡು ದಿನಾ ತಲೆ ತೊಳೆಯುವುದಕ್ಕಿಂತ, ಸಾಧಾರಣ ಸೌಮ್ಯ ಶಾಂಪೂ ಹಾಕಿ ವಾರಕ್ಕೆ ಎರಡು ಸಲ ತೊಳೆಯುವುದು ಮೇಲು. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಲೋಕಲ್ ಟ್ರೇನಿನಲ್ಲಿ ದಿನಾ ಬೆವರುವವರಿಗೆ ವಾರಕ್ಕೆ ಎರಡು ಸಲ ಸಾಲುವುದಿಲ್ಲ, ಗೊತ್ತು. ನಡುವಿನ ದಿನ ಬುಡಕ್ಕೆ ಮಾತ್ರ ಶಾಂಪೂ ಹಾಕಿ, ಜಡೆಯನ್ನು ಮೇಲೆ ಕಟ್ಟಿ ತುದಿ ಒದ್ದೆಯಾಗದ ಹಾಗೆ ನೋಡಿಕೊಳ್ಳಿ. ಉಗುರು ಬೆಚ್ಚಗಿನ ನೀರು ಸಾಕು. ಕೊಳಗದಿಂದ ಹಬೆಯಾಡುವ ನೀರು ಬೇಡ.

ಎಣ್ಣೆ ಹಾಕಬಹುದಾ?

ಖಂಡಿತ ಹಾಕಬಹುದು. ಬಣ್ಣ ಹಾಕಿಸಿದ ಮೇಲೆ ತಲೆಗೆ ಎಣ್ಣೆ ಮುಟ್ಟಿಸಬಾರದು ಎಂದು ಎಷ್ಟೋ ಕಡೆ ಹೇಳುತ್ತಾರೆ. ಅದು ಸರಿಯಲ್ಲ. ಮುಂಬೈಯ ಮಾರಿಕೋ ಕಂಪನಿಯ ಇಬ್ಬರು ಸಂಶೋಧಕರು 2003ರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ್ದರು. ಸ್ನಾನದ ಮೊದಲು ಹಚ್ಚಿದರೂ ಆಮೇಲೆ ಹಚ್ಚಿದರೂ ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಒಂದೇ. ಬ್ಲೀಚ್ ಆದ ಕೂದಲಲ್ಲೂ ಹಾಗೇ. ಅವರು ತೆಂಗಿನೆಣ್ಣೆ ಮಾರುವ ಕಂಪನಿಯವರು ಎನ್ನುವುದು ನೆನಪಿರಲಿ. ಆದರೆ ಕಾರಣ ಸರಳವಾಗಿದೆ: ತೆಂಗಿನೆಣ್ಣೆಯಲ್ಲಿರುವ ಲಾರಿಕ್ ಆಮ್ಲದ ಕಣ ಸಣ್ಣದು, ನೇರವಾಗಿದೆ. ಅದು ಕೂದಲಿನ ಒಳಗೆ ಹೋಗಿ ಕೂರುತ್ತದೆ, ನೀರು ಜಾಸ್ತಿ ಒಳಗೆ ಹೋಗದ ಹಾಗೆ ತಡೆಯುತ್ತದೆ.

ಹಾಗಾಗಿ ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ತುದಿಗೆ ತೆಂಗಿನೆಣ್ಣೆ ಹಚ್ಚಿ. ಒಂದು ಚಮಚ ಸಾಕು. ಅದನ್ನು ತೊಳೆಯಲು ಮೂರು ಸಲ ಶಾಂಪೂ ಹಾಕುವಷ್ಟು ಸುರಿದರೆ ಲಾಭವೆಲ್ಲ ನಷ್ಟ. ಬಣ್ಣ ಇರುವ ಎಣ್ಣೆ ಬೇಡ. ಸಾಸಿವೆ ಎಣ್ಣೆಯ ಹಳದಿ, ಗರುಗದ ಸೊಪ್ಪು ಕಾಯಿಸಿದ ಎಣ್ಣೆಯ ಹಸಿರು ತಿಳಿ ತುದಿಯನ್ನು ಮಂಕು ಮಾಡಬಹುದು. ಆ ಎಣ್ಣೆ ಬುಡಕ್ಕೆ ಹಚ್ಚಿ, ತುದಿಗೆ ಬಿಳಿ ತೆಂಗಿನೆಣ್ಣೆ. ಸೀರಮ್ ಮಾಡುವ ಕೆಲಸ ಬೇರೆ. ಅದು ಹೊರಗೆ ಕೂತು ಸಿಕ್ಕು ಬಿಡಿಸುತ್ತದೆ, ಮಳೆಗಾಲದಲ್ಲಿ ಕೂದಲು ಕೆದರುವುದನ್ನು ತಡೆಯುತ್ತದೆ. ಸ್ನಾನದ ಮೊದಲು ಎಣ್ಣೆ, ಆಮೇಲೆ ಎರಡು ಹನಿ ಸೀರಮ್. ಒಂದನ್ನೇ ಆರಿಸಬೇಕೆಂದರೆ ನಾನು ಎಣ್ಣೆ ಆರಿಸುತ್ತೇನೆ.

ದಾಸವಾಳದ ಎಲೆ ಕಿವುಚಿದ ಲೋಳೆ ಕೂಡ ಒಳ್ಳೆಯದು, ಮೃದುವಾಗುತ್ತದೆ. ಆದರೆ ಸೀಗೆಕಾಯಿ ಪುಡಿಯನ್ನು ತುದಿಗೆ ಉಜ್ಜಬೇಡಿ. ಒರಟು ಪುಡಿ, ಮಂಕು ಬಣ್ಣ ಎರಡೂ ಆಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ನೆನೆಸಿದ ನೆಲ್ಲಿಕಾಯಿ ಪುಡಿಯಂತೂ ತಿಳಿ ಕೂದಲನ್ನು ಕಪ್ಪಗೆ ಮಾಡುತ್ತದೆ. ನಮ್ಮ ಅಜ್ಜಿಯಂದಿರು ಅದನ್ನು ಬಳಸುತ್ತಿದ್ದುದೇ ಆ ಕಪ್ಪಿಗಾಗಿ, ಅಲ್ವಾ?

ಮದರಂಗಿ ಮಾತ್ರ ಬೇಡ

ಮಾಟುಂಗಾದ ಚಿಕ್ಕಮ್ಮ ನನ್ನ ಜಡೆ ಕೈಯಲ್ಲಿ ಹಿಡಿದು, “ಇದಕ್ಕೆ ಮತ್ತೆ ಮತ್ತೆ ದುಡ್ಡು ಯಾಕೆ ಮಾರಾಯ್ತಿ? ಒಂದು ಮುಷ್ಟಿ ಮದರಂಗಿ ಹಚ್ಚು. ಎಲ್ಲ ಒಂದೇ ಬಣ್ಣ ಆಗ್ತದೆ” ಅಂದರು. ಪ್ರೀತಿಯಿಂದ ಹೇಳಿದ ಮಾತು. ಅವರ ನರೆತ ಕೂದಲಿಗೆ ಮದರಂಗಿ ಚೆನ್ನಾಗಿಯೇ ಒಪ್ಪುತ್ತದೆ. ಬ್ಲೀಚ್ ಆದ ಕೂದಲಿಗೆ ಒಪ್ಪುವುದಿಲ್ಲ. ಮದರಂಗಿಯ ಲಾಸೋನ್ ಎಂಬ ಬಣ್ಣ ಕೂದಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕಪ್ಪು ಕೂದಲಲ್ಲಿ ಅದು ತೆಳು ಕೆಂಪು ಹೊಳಪು ಅಷ್ಟೇ, ತಿಳಿ ಕೂದಲಲ್ಲಿ ಎದ್ದು ಕಾಣುವ ಕಿತ್ತಳೆ. ತೊಳೆದರೆ ಹೋಗುವುದಿಲ್ಲ, ತೆಗೆಯುವುದು ಬಹಳ ಕಷ್ಟ. ಮೇಲೆ ನೀಲಿ ಸೊಪ್ಪಿನ (ಇಂಡಿಗೋ) ಪುಡಿ ಹಾಕಿದರೆ ಕೆಲವರಿಗೆ ಹಸಿರು ಕೂಡ ಬರುತ್ತದೆ. ‘ಕಪ್ಪು ಮೆಹಂದಿ’ ಪ್ಯಾಕೆಟ್‌ಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಸೇರಿಸಿರುವುದು ಸಾಮಾನ್ಯ, ಅದು ಕೆಲವರಿಗೆ ಜೋರು ಅಲರ್ಜಿ ಮಾಡುತ್ತದೆ. ಲೋಹದ ಲವಣ ಬೆರೆತ ಮೆಹಂದಿ ಹಚ್ಚಿದ ಕೂದಲಿಗೆ ಆಮೇಲೆ ಬ್ಲೀಚ್ ಹಾಕಿದರೆ ಕೂದಲು ಬಿಸಿಯಾಗಿ ಸುಟ್ಟ ಹಾಗಾಗುವುದುಂಟು. ಯಾವಾಗಲಾದರೂ ಹಚ್ಚಿದ್ದರೆ ಸಲೂನ್‌ನಲ್ಲಿ ಮುಚ್ಚಿಡದೆ ಹೇಳಿ.

ನರೆ ಕೂದಲು ಇದ್ದವರಿಗೆ

ಬುಡಕ್ಕೆ ಖರ್ಚು ಬೇಡ ಎಂದೆ. ನರೆ ಇದ್ದವರಿಗೆ ಆ ಮಾತು ಪೂರ್ತಿ ಒಪ್ಪುವುದಿಲ್ಲ. ಬೈತಲೆಯಲ್ಲಿ ಮೂರನೇ ವಾರಕ್ಕೇ ಬೆಳ್ಳಿ ಎಳೆ ಕಾಣುತ್ತದೆ. ಇಲ್ಲಿ ಆಯ್ಕೆ ಎರಡು. ಬುಡಕ್ಕೆ ಹಚ್ಚುವ ಪೌಡರ್ ಅಥವಾ ಸ್ಪ್ರೇ ಒಂದು. ಮುಂದಿನ ಸ್ನಾನಕ್ಕೆ ಹೋಗುತ್ತದೆ, ಕೂದಲಿಗೆ ತೊಂದರೆ ಇಲ್ಲ. ಮದುವೆ, ಪೂಜೆ ಅಂಥ ದಿನಗಳಿಗೆ ಸಾಕು. ಆದರೆ ಮುಂಬೈ ಬೆವರಿಗೆ ಹಣೆಗೆ ಇಳಿಯಬಹುದು. ಇನ್ನೊಂದು, ಮನೆಯಲ್ಲೇ ಬುಡಕ್ಕೆ ಅಮೋನಿಯಾ ಇಲ್ಲದ ಬಣ್ಣ. ದಿನಾ ಆಫೀಸಿಗೆ ಹೋಗುವವರಿಗೆ ನನ್ನ ಮತ ಇದಕ್ಕೇ. 48 ಗಂಟೆ ಮೊದಲು ಕಿವಿಯ ಹಿಂದೆ ಹಚ್ಚಿ ಪರೀಕ್ಷೆ ಮಾಡಿ. ಹಚ್ಚುವ ಮೊದಲು ಬಣ್ಣ ಇರುವ ಉದ್ದ ಕೂದಲಿಗೆ ದಪ್ಪಗೆ ಕಂಡೀಷನರ್ ಸವರಿ, ಬೇರೆಯಾಗಿ ಕಟ್ಟಿಡಿ. ಡೈ ಒಂದು ಹನಿ ತುದಿಗೆ ತಾಗಿದರೂ ಅಲ್ಲಿ ಕಪ್ಪು ಮಚ್ಚೆ ಬೀಳುತ್ತದೆ. ಇನ್ನೊಂದು ಡೈ ಹಾಕಿ ಅದನ್ನು ತಿಳಿ ಮಾಡಲು ಆಗುವುದಿಲ್ಲ, ಮತ್ತೆ ಬ್ಲೀಚೇ ಬೇಕಾಗುತ್ತದೆ.

ಮನೆಯ ಟೋನರ್, ಸಲೂನ್ ಟೋನರ್

ಟೋನರ್ ಟ್ಯೂಬು, ಅದಕ್ಕೆ ಬೆರೆಸುವ ಡೆವಲಪರ್ ಎರಡನ್ನೂ ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲಿ ಹಾಕಬಹುದಾ? ಆಗುತ್ತದೆ, ಆದರೆ ನಾನು ಹೇಳುವುದು ಬೇಡ ಎಂದೇ. ಕೈಯಿಂದ ಬಳಿದ ಬಣ್ಣ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನಡುವೆ ಕಿತ್ತಳೆ, ತುದಿಯಲ್ಲಿ ಹಳದಿ, ಮುಖದ ಹತ್ತಿರ ಇನ್ನೂ ತಿಳಿ. ಒಂದೇ ಟೋನರನ್ನು ಎಲ್ಲಕ್ಕೂ ಒಂದೇ ಹೊತ್ತು ಬಿಟ್ಟರೆ ತುದಿ ಬೇಗ ಹೀರಿ ಕೆಸರು ಬಣ್ಣವಾಗುತ್ತದೆ, ನಡುವಿನ ಭಾಗ ಹಾಗೇ ಉಳಿಯುತ್ತದೆ. ಸಲೂನ್‌ನ ಹುಡುಗಿ ನಿಮಿಷಕ್ಕೊಮ್ಮೆ ಒಂದು ಎಳೆ ಒರೆಸಿ ನೋಡುತ್ತಾಳೆ. ನಮ್ಮ ತಲೆಯ ಹಿಂಭಾಗ ನಮಗೆ ಕಾಣುವುದಿಲ್ಲ.

ದುಡ್ಡಿನ ದೃಷ್ಟಿಯಿಂದಲೂ ಸಲೂನ್ ಟೋನರ್ ದುಬಾರಿ ಅಲ್ಲ. ಪೂರ್ತಿ ಬಲಯಾಜಿಗೆ ನಾಲ್ಕೈದು ಗಂಟೆ ಕೂರಬೇಕು, ಟೋನರಿಗೆ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಬೆಲೆಯಲ್ಲೂ ಅಷ್ಟೇ ದೊಡ್ಡ ಅಂತರ. ನಾಲ್ಕು ತಿಂಗಳಿಗೊಮ್ಮೆ ಬ್ಲೀಚ್ ಮಾಡಿಸುವ ಬದಲು ಎರಡು ತಿಂಗಳಿಗೊಮ್ಮೆ ಟೋನರ್ ಮಾತ್ರ ಹಾಕಿಸಿ, ಬ್ಲೀಚನ್ನು ಆರೇಳು ತಿಂಗಳಿಗೆ ತಳ್ಳಿ. ಕೂದಲು ಉಳಿಯುತ್ತದೆ. ಬುಕ್ ಮಾಡುವಾಗ ‘ಬಲಯಾಜ್ ಟಚಪ್’ ಎಂದು ಹೇಳಬೇಡಿ, ಮತ್ತೆ ಬ್ಲೀಚ್ ಹಚ್ಚಿಬಿಡಬಹುದು. ‘ಟೋನರ್ ಮತ್ತು ಗ್ಲಾಸ್ (gloss, ಅಂದರೆ ಹೊಳಪಿನ ಲೇಪ) ಮಾತ್ರ’ ಎಂದು ಸ್ಪಷ್ಟವಾಗಿ ಹೇಳಿ.

ಬಾಂಡ್ ಟ್ರೀಟ್‌ಮೆಂಟ್ ಎಂದು ಮಾರುವ ಸಣ್ಣ ಬಾಟಲಿಗಳು ಬಣ್ಣ ಕಾಪಾಡಲು ಅಲ್ಲ, ಬ್ಲೀಚಿನಿಂದ ಬಲ ಕಳೆದುಕೊಂಡ ಕೂದಲಿಗೆ. ಒದ್ದೆ ಎಳೆಯೊಂದನ್ನು ಮೆಲ್ಲಗೆ ಎಳೆದು ನೋಡಿ. ಸ್ವಲ್ಪ ಹಿಗ್ಗಿ ಮತ್ತೆ ಮೊದಲಿನಂತಾದರೆ ನಿಮಗೆ ಅದು ಬೇಡ. ರಬ್ಬರಿನ ಹಾಗೆ ಎಳೆದಷ್ಟೂ ಬಂದು ತುಂಡಾದರೆ ಬೇಕು. ಆಗ ಸ್ಟ್ರೇಟ್ನರ್ ಕೂಡ ಎತ್ತಿಡಿ. ಬಳಸಲೇಬೇಕಾದರೆ 180 ಡಿಗ್ರಿ ದಾಟಿಸಬೇಡಿ.

ಬಿಸಿಲಿಗೂ ಬಣ್ಣ ಹಾರುತ್ತದೆ. ಪುಣೆಯ ಹುಡುಗಿಯರು ಸ್ಕೂಟರಿನಲ್ಲಿ ಹೋಗುವಾಗ ತಲೆ, ಮುಖ ಮುಚ್ಚಿ ಸುತ್ತುವ ಸ್ಕಾರ್ಫ್‌ಗಿಂತ ಒಳ್ಳೆಯ ಉಪಾಯ ಯಾವ ಸ್ಪ್ರೇಯೂ ಅಲ್ಲ. ಗೋವಾಕ್ಕೆ ಹೋದರೆ ಸಮುದ್ರಕ್ಕೋ ಈಜುಕೊಳಕ್ಕೋ ಇಳಿಯುವ ಮೊದಲು ಸಿಹಿ ನೀರಿನಲ್ಲಿ ತಲೆ ನೆನೆಸಿ, ಕಂಡೀಷನರ್ ಸವರಿ ಬಿಗಿಯಾಗಿ ಜಡೆ ಹೆಣೆದುಕೊಳ್ಳಿ. ಮೊದಲೇ ನೆನೆದ ಕೂದಲು ಉಪ್ಪು ನೀರನ್ನು ಅಷ್ಟು ಹೀರುವುದಿಲ್ಲ. ಈಜುಕೊಳದಿಂದ ಕೂದಲು ಹಸಿರಾಗುವುದು ಆ ನೀರಿನಲ್ಲಿರುವ ತಾಮ್ರದಿಂದ. ಹಾಗೆ ಆದರೆ ಮೇಲೆ ಹೇಳಿದ ಚೀಲೇಟಿಂಗ್ ಶಾಂಪೂನೇ ಅದಕ್ಕೂ ಮದ್ದು.

ಹಬ್ಬಕ್ಕೆ ಚೆನ್ನಾಗಿ ಕಾಣಬೇಕೆಂದರೆ ಗಣೇಶ ಚೌತಿಗೆ ಒಂದು ವಾರ ಮೊದಲು ಟೋನರಿಗೆ ಹೋಗಿ. ಆಗ ಸಲೂನ್‌ಗಳಲ್ಲಿ ನೂಕುನುಗ್ಗಲು ಇರುತ್ತದೆ, ಹದಿನೈದು ದಿನ ಮೊದಲೇ ಹೇಳಿಡಿ. ಹೋಗುವ ಹಿಂದಿನ ದಿನ ಎಣ್ಣೆ ಹಚ್ಚಬೇಡಿ, ನೀಲಿ ಶಾಂಪೂ ಕೂಡ ಬೇಡ. ಮೊದಲ ಸಲ ಬಣ್ಣ ಹಾಕಿಸಿದ ದಿನ ಕಿಟಕಿಯ ಬೆಳಕಿನಲ್ಲಿ ತೆಗೆದ ಫೋಟೋ ಇದ್ದರೆ ಅದನ್ನೇ ತೋರಿಸಿ. ನಾನು ತೋರಿಸುವುದು ಮಾಟುಂಗಾದ ಹೂವಿನ ಅಂಗಡಿಯ ಮುಂದೆ ತೆಗೆದ ಫೋಟೋ. ಜಡೆಯ ಒಂದೊಂದು ಹೆಣಿಗೆಯಲ್ಲೂ ಕಪ್ಪಿನ ಪಕ್ಕ ಬೆಲ್ಲದ ಬಣ್ಣ, ಮೇಲೆ ಒಂದು ಮೊಳ ಮಲ್ಲಿಗೆ.